ಜೇಡ ನೋಡದ ಸೊಸೆ

ನಮ್ಮೂರಲ್ಲಿ ಮನೆಗೊಂದು ಜೇಡ ಸಾಕುತ್ತಾರೆ. ಮೂಲೆಯಲ್ಲಿ ಬಲೆ ಕಟ್ಟಿ ತಲೆಕೆಳಗಾಗಿ ನೇತಾಡುವ ಜಾತಿಯದಲ್ಲ. ಬಲೆಯ ಗೊಡವೆಗೇ ಹೋಗದೆ, ಹೊಂಚು ಹಾಕಿ, ಹಾರಿ ನೊಣ ಹಿಡಿಯುವ ಜಿಗಿಜೇಡ. ಕಡಲೆಕಾಳಿನಷ್ಟು ಮೈ, ಮೈತುಂಬ ಮಖಮಲ್ಲು, ಮುಖದ ತುಂಬ ಕಣ್ಣು. ನಡುಮನೆಯ ಗೂಡಿನಲ್ಲಿ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಒಂದು ಒಣಕಡ್ಡಿ, ಒಂದು ತೊಗಟೆಯ ಚೂರು, ಮೇಲಿನ ಮೂಲೆಯಲ್ಲಿ ಅದು ತಾನೇ ನೇಯ್ದುಕೊಂಡ ರೇಷ್ಮೆಯ ಜೋಲಿ. ಬೆಳಿಗ್ಗೆ ಮನೆಯಾಕೆ ಸ್ನಾನ ಮಾಡಿ ಬಂದು ಬೆರಳ ತುದಿಯಿಂದ ಗಾಜಿಗೆ ಒಂದು ಹನಿ ನೀರು ಅಂಟಿಸುತ್ತಾಳೆ. ಜೇಡ ಇಳಿದು ಬಂದು ಆ ಹನಿಗೆ ಮುಖವಿಟ್ಟು ಕುಡಿಯುತ್ತದೆ. ಆಮೇಲೆ ಒಂದು ನೊಣ ಬಿಡುತ್ತಾರೆ. ಅದು ಕುಡಿಯುವ ತನಕ ಮನೆಯಲ್ಲಿ ಯಾರೂ ಗಂಟಲು ಒದ್ದೆ ಮಾಡಿಕೊಳ್ಳುವಂತಿಲ್ಲ.

ಇಷ್ಟೇ ಆಗಿದ್ದರೆ ನನ್ನ ತಕರಾರೇನೂ ಇರಲಿಲ್ಲ. ನಾಯಿ ಸಾಕುವವರಿಲ್ಲವೇ, ಗಿಳಿ ಸಾಕುವವರಿಲ್ಲವೇ. ಆದರೆ ನಮ್ಮೂರ ಕಟ್ಟಳೆಯೊಂದಿದೆ. ಜೇಡ ನೋಡಿದವರು ಮನೆಯವರು, ಜೇಡ ನೋಡದವರು ಅತಿಥಿಗಳು. ಮನೆಯಲ್ಲಿ ಹುಟ್ಟಿದ ಕೂಸನ್ನು ಗಾಜಿನ ಮುಂದೆ ಮಲಗಿಸುತ್ತಾರೆ. ಜೇಡ ತಿರುಗಿ ನೋಡುತ್ತದೆ, ಕೂಸು ಮನೆಯದಾಗುತ್ತದೆ. ಮದುವೆಯಾಗಿ ಬಂದ ಸೊಸೆಯನ್ನೂ ಗಾಜಿನ ಮುಂದೆ ಕೂರಿಸುತ್ತಾರೆ. ಜೇಡ ತಿರುಗಿ ನೋಡಿದರೆ ಅವಳು ಮನೆಯವಳು, ಅವಳ ಮಾತು ಮಾತು. ನೋಡದಿದ್ದರೆ, ನೋಡುವ ತನಕ ಅತಿಥಿ.

ನನ್ನನ್ನೂ ಕೂರಿಸಿದರು. ನಾನು ಕೂತೆ. ಹೇಗೆ ಕೂತೆ ಅನ್ನುತ್ತೀರಿ! ಗಾಜಿನ ಮುಂದೆ ಅಲುಗಾಡದೆ ಕೂರುವುದೇ ಮರ್ಯಾದೆ ಎಂದು ನಮ್ಮ ಹೆಣ್ಣುಮಕ್ಕಳಿಗೆ ಹಾಲುಹಲ್ಲು ಬೀಳುವ ಮುಂಚೆಯೇ ಕಲಿಸುತ್ತಾರೆ. ನನ್ನ ತವರಂತೂ ಅದಕ್ಕೇ ಹೆಸರುವಾಸಿ. ತಾಯಿ ನನ್ನ ತಲೆಯ ಮೇಲೆ ತುಂಬಿದ ಬಟ್ಟಲಿಟ್ಟು ಕೂರಿಸಿ, ತುಳುಕಿದರೆ ತೊಡೆ ಚಿವುಟುತ್ತಿದ್ದಳು. "ಕಲ್ಲಾಗು ಮಗಳೇ, ಕಲ್ಲಾಗು" ಎನ್ನುತ್ತಿದ್ದಳು. ಆ ದಿನ ನಾನು ಕಲ್ಲಾದೆ. ರೆಪ್ಪೆ ಬಡಿಯಲಿಲ್ಲ, ಉಸಿರು ಕಾಣಗೊಡಲಿಲ್ಲ. ಜೇಡ ನನ್ನ ಮೂಗಿನ ನೇರಕ್ಕೆ ಗಾಜಿನ ಮೇಲೆ ನಡೆದುಹೋಯಿತು. ನೋಡಲಿಲ್ಲ. ಬಂದವರೆಲ್ಲ, "ಎಂಥಾ ಕೂರುವಿಕೆ! ಎಂಥಾ ಸಂಸ್ಕಾರ!" ಎಂದು ಹೊಗಳಿ, ಊಟ ಮಾಡಿ, ನನ್ನನ್ನು ಅತಿಥಿಯೆಂದು ಕರೆದು ಹೋದರು.

ಅತಿಥಿಯಾಗಿರುವುದು ಸುಖವಲ್ಲವೇ ಎಂದು ಕೇಳುವವರಿದ್ದಾರೆ. ಒಂದು ವಾರ ಸುಖವೇ. ಅಡುಗೆಮನೆಗೆ ಕಾಲಿಟ್ಟರೆ ಮನೆಯಾಕೆ, ಅಂದರೆ ನನ್ನ ಅತ್ತೆ, ಸೌಟು ಬಿಟ್ಟು ಓಡಿಬರುತ್ತಿದ್ದಳು. "ಕೂತ್ಕೊಳ್ಳಿ, ನೀವ್ಯಾಕೆ ಏಳ್ತೀರಿ?" ಪೊರಕೆ ಮುಟ್ಟಿದರೆ ಹಿರಿಯ, ಅಂದರೆ ನನ್ನ ಮಾವ, ಕಿಟಕಿಯಿಂದಲೇ ಕೈಮುಗಿಯುತ್ತಿದ್ದ. "ಕೂತ್ಕೊಳ್ಳಿ, ನೀವ್ಯಾಕೆ ಏಳ್ತೀರಿ?" ಪಕ್ಕದಲ್ಲಿ ಮಲಗುವ ನನ್ನ ಗಂಡನೂ, ನಾನು ಹೊದಿಕೆ ಸರಿಮಾಡಲು ಎದ್ದರೆ, ನಿದ್ದೆಗಣ್ಣಿನಲ್ಲಿ ಅದನ್ನೇ ಹೇಳುತ್ತಿದ್ದ. ಮೊದಲ ಎಲೆ ನನ್ನದು, ಮೊದಲ ತುಪ್ಪ ನನ್ನದು. ಮಾತು ಮಾತ್ರ ನನ್ನದಲ್ಲ. "ಮಳೆ ಬರೋ ಹಾಗಿದೆ, ಹಪ್ಪಳ ಒಳಗೆ ತನ್ನಿ" ಎಂದರೆ ಎಲ್ಲರೂ ನಗುಮುಖದಿಂದ ನನ್ನ ಕಡೆ ನೋಡಿ, "ಎಷ್ಟು ಚೆನ್ನಾಗಿ ಮಾತಾಡ್ತಾರೆ!" ಎನ್ನುತ್ತಿದ್ದರು. ಹಪ್ಪಳ ನೆನೆದು ಹಾಳಾಗುತ್ತಿತ್ತು.

ಜೇಡಕ್ಕೆ ಆಯಸ್ಸು ಕಡಿಮೆ. ನಾನು ಬಂದಾಗ ಇದ್ದದ್ದು ಮುದಿಯಾಗಿ, ನೊಣ ತಲೆಯ ಮೇಲೆ ಕೂತರೂ ಹಿಡಿಯಲಾರದೆ ಸತ್ತಿತು. ಇನ್ನೊಂದನ್ನು ತಂದರು. ಹೊಸ ಜೇಡ, ಹೊಸ ಕಣ್ಣು ಎಂದುಕೊಂಡು ಮದುವೆಯ ಸೀರೆ ಉಟ್ಟು ಮತ್ತೆ ಕೂತೆ, ಕಲ್ಲಾಗಿ ಕೂತೆ. ಅದೂ ನೋಡಲಿಲ್ಲ. ಅದೂ ಸತ್ತಿತು. ಮತ್ತೊಂದು ಬಂತು. ಹಿಂದಿನ ಸಲ ಎಲ್ಲೋ ಅಲುಗಿರಬೇಕು ಎಂದು ನನ್ನನ್ನೇ ಬೈದುಕೊಂಡು, ಇನ್ನೂ ಗಟ್ಟಿ ಕಲ್ಲಾಗಿ ಕೂತೆ. ಅದೂ ನೋಡಲಿಲ್ಲ. ಆಗೆಲ್ಲ ಆ ಪೆಟ್ಟಿಗೆಯನ್ನು ಎತ್ತಿ ಬಾವಿಗೆ ಹಾಕಬೇಕೆನ್ನಿಸುತ್ತಿತ್ತು. ಅತಿಥಿ ಪೆಟ್ಟಿಗೆ ಎತ್ತುವಂತಿರಲಿಲ್ಲ.

ಅಷ್ಟರಲ್ಲಿ ನನಗೆ ಮಗಳು ಹುಟ್ಟಿದಳು. ಅವಳನ್ನು ಗಾಜಿನ ಮುಂದೆ ಮಲಗಿಸಿದರು, ಜೇಡ ಗಿರಕ್ಕನೆ ತಿರುಗಿ ನೋಡಿತು. ಹೀಗೆ ಮಗಳು ಮನೆಯವಳು, ತಾಯಿ ಅತಿಥಿ. ಹಾಲು ಕುಡಿಸಲು ಎತ್ತಿಕೊಂಡರೆ, "ಅಯ್ಯೋ, ನಿಮಗ್ಯಾಕೆ ತೊಂದರೆ!" ಎಂದು ಅತ್ತೆ ಸಂಕೋಚಪಡುತ್ತಿದ್ದಳು.

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಹೆಸರಿನ ವಿಷಯ. ನಮ್ಮಲ್ಲಿ ಮಗುವಿಗೆ ಹೆಸರಿಡುವವಳು ತಾಯಿ. ತಂದೆಯ ಬಾಯಿಂದ ಬಂದದ್ದು ನಡೆಯುವುದಿಲ್ಲ, ಅಜ್ಜನದೂ ನಡೆಯುವುದಿಲ್ಲ. ಆದರೆ ಆ ತಾಯಿ ಮನೆಯವಳಾಗಿರಬೇಕು, ಅವಳ ಮಾತು ಮಾತಾಗಿರಬೇಕು. ಹೆಸರಿಲ್ಲದ ಮಗು ತನ್ನ ಕಾಲಿನಿಂದ ನಡೆದು ಹೊಸ್ತಿಲಿಗೆ ಬಂದರೆ, ಆಗ ಬೀದಿಯಿಂದ ಅದರ ಕಿವಿಗೆ ಬಿದ್ದ ಮೊದಲ ಮಾತೇ ಅದರ ಹೆಸರು. ಸಾಯುವ ತನಕ ಅದೇ. ನಮ್ಮ ಬೀದಿಯಲ್ಲಿ 'ಆಮೇಲೆ ಬಾ' ಎಂಬ ಹೆಸರಿನ ಮುದುಕನಿದ್ದ, ಅವನಿಗೆ ಹೆಣ್ಣು ಕೊಡಲು ಯಾರೂ ಅವಸರ ಮಾಡಿರಲಿಲ್ಲ. 'ಥೂ' ಎಂಬ ಹೆಂಗಸಿದ್ದಳು, ಬಹಳ ಒಳ್ಳೆಯವಳು. ಮತ್ತೆ, ದಿನಾ ಬೆಳಿಗ್ಗೆ ಸೀಸೆಗಳ ಬುಟ್ಟಿ ಹೊತ್ತು ನೊಣ ಮಾರುವವಳು ಬರುತ್ತಿದ್ದಳು. "ನೊಣಾ! ಜೀವಂತ ನೊಣಾ!" ಎಂದು ಅವಳು ಬಾಗಿಲು ಬಾಗಿಲಿಗೂ ಕೂಗುತ್ತಿದ್ದುದರಿಂದ ನಮ್ಮ ಬೀದಿಯಲ್ಲಿ ಆ ಹೆಸರಿನವರಿಗೆ ಬರವಿರಲಿಲ್ಲ. ದೊಡ್ಡ ನೊಣ, ಚಿಕ್ಕ ನೊಣ, ಉದ್ದ ನೊಣ, ಮೇಷ್ಟ್ರು ನೊಣ.

ನನ್ನ ಮಗಳಿಗೆಂದು ನಾನೊಂದು ಹೆಸರು ಇಟ್ಟುಕೊಂಡಿದ್ದೆ. ಬಸುರಿಯಾಗಿದ್ದಾಗ, ಮಾಡಲು ಕೆಲಸವಿಲ್ಲದೆ ಕೂತು ಕೂತು, ಒಂದೊಂದೇ ಅಕ್ಷರ ಆರಿಸಿ ಮಾಡಿದ ಹೆಸರು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ "ಎಷ್ಟು ಚೆನ್ನಾಗಿ ಮಾತಾಡ್ತಾರೆ" ಎನ್ನುತ್ತಿದ್ದರು, ಅಷ್ಟೇ.

ಕೆಲಸವಿಲ್ಲದವಳಿಗೆ ನೋಡುವುದೇ ಕೆಲಸ. ನಾನು ದಿನವಿಡೀ ಗಾಜಿನ ಮುಂದೆ ಕೂತು ನೋಡತೊಡಗಿದೆ. ನೊಣ ಸುಮ್ಮನೆ ಕೂತಿದ್ದರೆ ಜೇಡ ಅದರ ಪಕ್ಕದಲ್ಲೇ ಹಾದುಹೋಗುತ್ತಿತ್ತು, ಕಣ್ಣೆತ್ತುತ್ತಿರಲಿಲ್ಲ. ನೊಣ ಎರಡು ಕೈ ಉಜ್ಜಿಕೊಂಡಿತೋ, ಜೇಡ ಗಿರಕ್ಕನೆ ತಿರುಗುತ್ತಿತ್ತು. ನನ್ನ ಮಗಳು ತೊಡೆಯ ಮೇಲೆ ಮಲಗಿದ್ದರೆ ಜೇಡಕ್ಕೆ ಅವಳು ಇಲ್ಲವೇ ಇಲ್ಲ. ಅವಳು ಕಾಲು ಬಡಿದಳೋ, ಗಿರಕ್ಕನೆ ತಿರುಗುತ್ತಿತ್ತು. ಅಯ್ಯೋ ನನ್ನ ಮಂಕುಬುದ್ಧಿಯೇ! ಅಯ್ಯೋ ನನ್ನ ತಾಯಿಯ ತುಂಬಿದ ಬಟ್ಟಲೇ! ಅಲುಗಾಡುವುದನ್ನು ಮಾತ್ರ ನೋಡುವ ಪ್ರಾಣಿಯ ಮುಂದೆ ನಾವು ಹೆಣ್ಣುಮಕ್ಕಳನ್ನು ಕಲ್ಲು ಮಾಡಿ ಕೂರಿಸುತ್ತಿದ್ದೆವು.

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬಲಗೈ ತೋರುಬೆರಳು ಎತ್ತಿ ಆಡಿಸಿದೆ. ಜೇಡ ತಿರುಗಿತು. ಆ ಎರಡು ದೊಡ್ಡ ಕಪ್ಪು ಕಣ್ಣು ನನ್ನ ಕಡೆಗೆ ನೆಟ್ಟವು. ಇಷ್ಟು ವರ್ಷ ಕಾದದ್ದು ಇಷ್ಟು ಸುಲಭದ್ದೇ ಎಂದು ಅಳು ಬಂದುಬಿಟ್ಟಿತು.

"ನೋಡ್ತು! ನೋಡ್ತು! ಎಲ್ಲಾರೂ ಬನ್ನಿ!"

ಎಲ್ಲರೂ ಬಂದರು. ಬೆರಳು ಆಡಿಸುತ್ತಲೇ ಇದ್ದೆ, ಜೇಡ ನೋಡುತ್ತಲೇ ಇತ್ತು. ಹಿರಿಯ ಬಗ್ಗಿ ಗಾಜಿಗೆ ಮೂಗು ತಾಗಿಸಿ ನೋಡಿದ.

"ಏನನ್ನ ನೋಡ್ತಿದೆ ಅದು?"

"ನನ್ನನ್ನ!"

"ನೀವೇನು ಮಾಡಿದ್ರಿ?"

"ಬೆರಳು ಆಡಿಸಿದೆ."

ಹಿರಿಯ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದ. ಆಮೇಲೆ ಬಹಳ ಸಂತೋಷದಿಂದ ಹೇಳಿದ: "ಹಾಗಾದ್ರೆ ಅದು ಬೆರಳನ್ನ ನೋಡ್ತು. ಬೆರಳು ಮನೆಯದಾಯ್ತು. ನೀವು ಕೂತ್ಕೊಳ್ಳಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು. ಅಂದಿನಿಂದ ನನ್ನ ತೋರುಬೆರಳು ಆ ಮನೆಯ ಸೊಸೆ. ನಾನು ಮಣೆಯ ಮೇಲೆ ಕೂತಿರಬೇಕು, ಕೈಯನ್ನು ಅಡುಗೆಮನೆಯ ಬಾಗಿಲೊಳಕ್ಕೆ ಚಾಚಬೇಕು, ಬೆರಳು ಕೆಲಸ ಮಾಡಬೇಕು. "ಬಾರೇ, ಸಾರಿಗೆ ಉಪ್ಪಾಗಿದೆಯಾ ನೋಡು" ಎಂದು ಅತ್ತೆ ಬೆರಳನ್ನು ಕರೆಯುತ್ತಿದ್ದಳು. ಬೆರಳು ಅದ್ದಿ ಬಾಯಿಗಿಟ್ಟುಕೊಳ್ಳಲು ಹೋದರೆ, "ನೀವ್ಯಾಕೆ ತೊಂದರೆ ತಗೋತೀರಿ" ಎಂದು ನನ್ನ ಬಾಯಿಯನ್ನು ತಡೆಯುತ್ತಿದ್ದಳು. ಹಬ್ಬದ ದಿನ ಬೆರಳಿಗೆ ಅರಿಸಿನ ಹಚ್ಚಿ ಎಣ್ಣೆ ನೀರು ಹಾಕಿದರು. ಒಮ್ಮೆ ಬೆರಳು ತಡವಾಗಿ ಎದ್ದಿತೆಂದು ಅತ್ತೆ ಅದನ್ನು ಚೆನ್ನಾಗಿ ಬೈದಳು, ಆಮೇಲೆ ನನಗೆ ಕೈಮುಗಿದು, "ನೀವು ಬೇಜಾರು ಮಾಡ್ಕೋಬೇಡಿ, ನಿಮಗೆ ಅಂದಿದ್ದಲ್ಲ" ಎಂದಳು. ನನ್ನದೇ ಬೆರಳಿನ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು.

ಆದರೂ ಇದರಿಂದ ಒಂದು ದಾರಿ ಸಿಕ್ಕಿತೆಂದುಕೊಂಡೆ. ತಟ್ಟೆಯಲ್ಲಿ ಅಕ್ಕಿ ಹರಡಿಸಿ, "ಬೆರಳು ಮನೆಯದು ತಾನೇ? ಮಗುವಿನ ಹೆಸರನ್ನ ಅಕ್ಕಿಯಲ್ಲಿ ಅದೇ ಬರೀಲಿ" ಎಂದೆ. ಗಂಡನ ಮುಖ ಅರಳಿತು. ಹಿರಿಯ ಮತ್ತೆ ಕಣ್ಣು ಮುಚ್ಚಿದ.

"ಬೆರಳು ಬರೀಬಹುದು. ಆದ್ರೆ ಆ ಹೆಸರು ಬೆರಳಿಗೆ ಹೊಳೆದದ್ದೋ, ನಿಮಗೆ ಹೊಳೆದದ್ದೋ?"

"ಬೆರಳಿಗೆ ಎಲ್ಲಾದ್ರೂ ಹೆಸರು ಹೊಳೆಯುತ್ತಾ, ಮಾವ?"

"ಅದನ್ನೇ ನಾನೂ ಹೇಳೋದು" ಎಂದು ಆತ ಅಕ್ಕಿಯನ್ನು ಡಬ್ಬಕ್ಕೆ ಸುರಿದ.

ಮಗಳು ಆಗಲೇ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಬೆರಳನ್ನಷ್ಟೇ ಯಾಕೆ, ಇಡೀ ಮೈಯನ್ನೇ ನೋಡಲಿ ಎಂದು, ಎಲ್ಲರೂ ಊಟಕ್ಕೆ ಕೂತಿದ್ದಾಗ ಗಾಜಿನ ಮುಂದೆ ನಿಂತು ಕುಣಿದೆ. ಕೈ ಬೀಸಿದೆ, ಕಾಲು ಬೀಸಿದೆ, ಜಡೆ ಬಿಚ್ಚಿ ತಲೆ ತಿರುಗಿಸಿದೆ. ಇಷ್ಟು ವರ್ಷ ಕೂತಿದ್ದೆಲ್ಲ ನನ್ನ ಮೈಯಿಂದ ಧೂಳೆದ್ದಂತೆ ಎದ್ದಿತು. ಕಡಲೆಕಾಳಿನಷ್ಟು ಪ್ರಾಣಿಯ ಎದುರು ಅಷ್ಟು ದೊಡ್ಡ ಹೆಂಗಸು ಕುಣಿದರೆ ಅದು ಏನು ಮಾಡೀತು? ಮುಂಗಾಲೆತ್ತಿ ಹೆದರಿಸಲು ನೋಡಿತು, ಹಿಂದೆ ಹಿಂದೆ ಸರಿಯಿತು, ಜೋಲಿಯೊಳಗೆ ನುಗ್ಗಿ ಅದರ ಬಾಯಿಗೆ ರೇಷ್ಮೆ ಎಳೆದು ಮುಚ್ಚಿಕೊಂಡಿತು.

"ಮನೆ ಮುಚ್ಚಿತು" ಎಂದ ಹಿರಿಯ, ಕೈಯ ತುತ್ತನ್ನು ಎಲೆಗೆ ಹಾಕಿ.

ಪೊರೆ ಬಿಡುವ ಕಾಲ ಬಂದರೆ ಜಿಗಿಜೇಡ ಹೀಗೆ ಜೋಲಿ ಮುಚ್ಚಿಕೊಂಡು ಒಳಗಿರುತ್ತದೆ. ತಿನ್ನುವುದಿಲ್ಲ, ಕುಡಿಯುವುದಿಲ್ಲ, ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಆ ದಿನಗಳಲ್ಲಿ ಗಾಜಿಗೆ ಹನಿ ಅಂಟಿಸಿದರೆ ಸಾಕು, ಮನೆಯವರು ನೀರು ಕುಡಿಯಬಹುದು. ಅದು ಒಳಗಿರುವಷ್ಟು ದಿನವೂ ಮನೆಯವರು ಏನನ್ನೂ ತೀರ್ಮಾನಿಸುವಂತಿಲ್ಲ, ಯಾರನ್ನೂ ಕರೆಯುವಂತಿಲ್ಲ, ಯಾರನ್ನೂ ತಡೆಯುವಂತಿಲ್ಲ. ಮನೆಯಲ್ಲಿ ಎರಡು ಬಾಗಿಲು ಒಟ್ಟಿಗೆ ಮುಚ್ಚಿರಬಾರದೆಂದು ಬೀದಿಬಾಗಿಲನ್ನು ಹಾರುಹೊಡೆದಿರಬೇಕು. ಜೇಡ ನೋಡಿದರೆ ತಾನೇ ನಾನು ಹೆಸರಿಡುವುದು? ನಾನು ನೋಡಿಸಿಕೊಳ್ಳಲು ಹೋದದ್ದಕ್ಕೇ ಜೇಡ ಮುಚ್ಚಿಕೊಂಡಿತ್ತು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆ ಮಾಡಿದವರು ನಮ್ಮ ಬೀದಿಯವರೇ ಇರಬೇಕು.

"ಬಾಗಿಲು ಹಾಕಿ, ಮಗು ಇವತ್ತೋ ನಾಳೆಯೋ ನಡೆಯುತ್ತೆ" ಎಂದೆ.

"ಎಷ್ಟು ಚೆನ್ನಾಗಿ ಮಾತಾಡ್ತಾರೆ" ಎಂದರು, ಈ ಸಲ ನಗದೆ.

"ಸ್ವಲ್ಪ ತಾಳಿ. ಅದು ಹೊರಗೆ ಬರುತ್ತೆ" ಎಂದ ಗಂಡ.

"ಯಾವಾಗ?"

"ಬಂದಾಗ."

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಪೆಟ್ಟಿಗೆಯ ಮುಚ್ಚಳ ತೆಗೆದೆ. ಜೋಲಿಯನ್ನು ಉಗುರಿನಿಂದ ಸೀಳಿ, ಆ ಜೇಡವನ್ನು ಅಂಗೈಯಲ್ಲಿಟ್ಟುಕೊಂಡು, "ನೋಡು, ನನ್ನನ್ನ ನೋಡು" ಎಂದು ಮುಖಕ್ಕೆ ಮುಖವಿಟ್ಟು ಕೂಗಬೇಕೆಂದಿದ್ದೆ. ಉಗುರು ರೇಷ್ಮೆಗೆ ತಾಗಿತು. ಒಳಗೆ ಏನೋ ಮಿಡುಕಿತು. ಬೆಳಕಿಗೆ ಹಿಡಿದು ನೋಡಿದರೆ, ಅದು ಹಳೆಯ ಚರ್ಮದಿಂದ ತನ್ನ ಒಂದು ಕಾಲನ್ನು ಎಳೆದುಕೊಳ್ಳುತ್ತಿತ್ತು. ಬಿಳಿಚಿದ ಮೆತ್ತನೆಯ ಕಾಲು, ಆಗಷ್ಟೇ ಹುಟ್ಟಿದ್ದರ ಹಾಗೆ ನಡುಗುತ್ತಿತ್ತು. ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಈಗ ಮುಟ್ಟಿದರೆ ಸಾಯುತ್ತದೆ ಎಂದು ನನಗೆ ಗೊತ್ತಿತ್ತು. ಅದರ ಮೇಲೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಪಾಪ, ಅದಕ್ಕೆ ನಮ್ಮ ಕಟ್ಟಳೆ ಏನು ಗೊತ್ತು? ಮುಚ್ಚಳ ಹಾಕಿದೆ.

ತಿರುಗಿದರೆ ಅತ್ತೆ ನಿಂತಿದ್ದಳು. ಎಲ್ಲ ನೋಡಿದ್ದಳು. ಹತ್ತಿರ ಬಂದು ಪಿಸುಗುಟ್ಟಿದಳು: "ನನಗೆ ಬಿಕ್ಕಳಿಕೆ ಬಂದಿತ್ತು."

"ಏನು?"

"ನನ್ನನ್ನ ಕೂರಿಸಿದ ದಿನ. ಒಣ ಅವಲಕ್ಕಿ ತಿಂದಿದ್ದೆ. ಬಿಕ್ಕಳಿಕೆ ಬಂತು, ಮೈ ಕುಲುಕಿತು, ಜೇಡ ನೋಡಿಬಿಡ್ತು. ಯಾರಿಗೂ ಗೊತ್ತಾಗಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಕ್ಕಳಿಕೆ ಮಾತ್ರ ಈ ಮನೆಯದಾಗ್ತಿತ್ತು. ನಾನು ಎಲ್ಲಿಗೆ ಹೋಗ್ಲಿ?"

ಅವಳನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಲಿಲ್ಲ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮಗಳು ಗೋಡೆ ಬಿಟ್ಟಳು.

ಒಂದು ಹೆಜ್ಜೆ ಇಟ್ಟಳು, ನಿಂತಳು, ಕೈ ಅಗಲಿಸಿ ಇನ್ನೊಂದು ಇಟ್ಟಳು. ನಡುಮನೆ ದಾಟಿ ಬಾಗಿಲ ಬೆಳಕಿನ ಕಡೆಗೇ ಹೊರಟಳು. ಮನೆಯವರು ಎದ್ದು ನಿಂತರು. ತಡೆಯುವಂತಿಲ್ಲ, ಬೆಪ್ಪಾಗಿ ನೋಡಿದರು. ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಸೀಸೆಗಳ ಸದ್ದು ಕೇಳಿತು. "ನೊಣಾ! ಜೀವಂತ ನೊಣಾ!"

ಹೊಳೆದದ್ದು ಆಗಲೇ. ಮನೆಯೊಳಗೆ ನನ್ನ ಮಾತು ಮಾತಲ್ಲ, ಸರಿ. ಬೀದಿಯಲ್ಲಿ ಯಾರ ಮಾತಾದರೂ ಮಾತೇ. ಸೀರೆ ಎತ್ತಿಕೊಂಡು ಮಗಳನ್ನು ದಾಟಿ ಓಡಿದೆ.

"ಅತಿಥಿಗಳೇ!" ಹಿರಿಯ ಹಿಂದಿನಿಂದ ಕೂಗಿದ. "ಹೊಸ್ತಿಲು ದಾಟಿದ್ರೆ ಹೊರಟುಹೋದ ಹಾಗೆ! ಮನೆ ಮುಚ್ಚಿದೆ, ವಾಪಸ್ ಕರೆಯೋಕೆ ಆಗಲ್ಲ!"

"ಕರೀಬೇಡಿ!"

"ಬೆರಳು! ಬೆರಳು ನಮ್ಮದು! ಅದನ್ನ ಬಿಟ್ಟು ಹೋಗಿ!"

ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಹೊಸ್ತಿಲು ದಾಟಿ ಬೀದಿಗೆ ಬಿದ್ದೆ. ನೊಣ ಮಾರುವವಳು ಬಾಗಿಲಿಗೆ ಬಂದು, ಎಂದಿನಂತೆ ಎದೆತುಂಬ ಉಸಿರೆಳೆದುಕೊಂಡಿದ್ದಳು. ಹಾರಿ ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಬುಟ್ಟಿ ಉರುಳಿತು, ಸೀಸೆ ಒಡೆಯಿತು, ನೊಣಗಳು ಗುಂಯ್ಯೆಂದು ನಮ್ಮಿಬ್ಬರ ತಲೆಯ ಸುತ್ತ ಎದ್ದವು. ನಾನು ಬಿಡಲಿಲ್ಲ. ಮನೆಯ ಕಡೆ ತಿರುಗಿ ನಿಂತೆ.

ಮಗಳು ಹೊಸ್ತಿಲಿಗೆ ಬಂದಿದ್ದಳು. ನನ್ನನ್ನು ಕಂಡಳು. ಇಷ್ಟು ದಿನ ಬಾಯೊಳಗೆ ಬಚ್ಚಿಟ್ಟಿದ್ದ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟೂ ಅಕ್ಷರ ಸಾಲಾಗಿ ನಿಂತಿದ್ದವು. ಉಸಿರು ಎಳೆದುಕೊಂಡೆ. ನಮ್ಮ ಹೊಸ್ತಿಲು ಎತ್ತರದ್ದು. ಅವಳು ಕಾಲೆತ್ತಿದಳು, ಕಾಲು ಎಡವಿತು, ಮೈ ಮುಂದಕ್ಕೆ ವಾಲಿತು.

"ಜೋಪಾನ!"

ಅದು ನನ್ನ ಬಾಯಿಂದ ಬಂದದ್ದು. ಮಗಳು ಬಾಗಿಲ ಚೌಕಟ್ಟು ಹಿಡಿದು ತಡೆದುಕೊಂಡಳು. ಹೊಸ್ತಿಲ ಆಚೆಗೊಂದು ಕಾಲು ಇಟ್ಟಳು, ಇನ್ನೊಂದನ್ನೂ ತಂದಳು, ಬೀದಿಯಲ್ಲಿ ನಿಂತಳು. ನೊಣ ಮಾರುವವಳು ನನ್ನ ಕೈಯನ್ನು ತನ್ನ ಬಾಯಿಂದ ಸರಿಸಿದಳು.

"ಬೀದಿ ಕೇಳ್ತು" ಎಂದಳು. "ಜೋಪಾನ. ಬಿಡಮ್ಮ, ನೊಣಕ್ಕಿಂತ ವಾಸಿ."

ನಾನು ಆ ಒಡೆದ ಸೀಸೆಗಳ ನಡುವೆಯೇ ಕುಕ್ಕರಿಸಿದೆ. ಮನೆ ಬಿಟ್ಟು, ಮಾನ ಬಿಟ್ಟು, ಒಂದು ಮಾತು ಹೇಳಲು ಬೀದಿಗೆ ಓಡಿಬಂದವಳು ಹೇಳಬೇಕಾದ್ದನ್ನು ಹೇಳದೆ ಬೇರೇನೋ ಹೇಳಿಬಿಟ್ಟೆನಲ್ಲ! ನನ್ನ ತಲೆ ನಾನೇ ಚಚ್ಚಿಕೊಂಡೆ. ಆ ಹೆಸರು ಗಂಟಲಲ್ಲೇ ಉಳಿಯಿತು. ಇವತ್ತಿಗೂ ಅಲ್ಲೇ ಇದೆ, ನಿಮಗೂ ಹೇಳುವುದಿಲ್ಲ. ಅದನ್ನು ನೆನೆದಾಗೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಬಾಗಿಲಲ್ಲಿ ಹಿರಿಯ ಕಣ್ಣು ಮುಚ್ಚಿ ಯೋಚಿಸುತ್ತಿದ್ದ. ಗಂಡ ಹೊಸ್ತಿಲಿನವರೆಗೆ ಬಂದು, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಂತಿದ್ದ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಅವಳು ಕರೆಯುವಂತಿರಲಿಲ್ಲ, ತಡೆಯುವಂತಿರಲಿಲ್ಲ. ಆದರೆ ಮೊಮ್ಮಗಳ ಹೆಸರು ಹೇಳಬಾರದೆಂದು ಯಾವ ಕಟ್ಟಳೆಯೂ ಇರಲಿಲ್ಲ.

"ಜೋಪಾನ" ಎಂದಳು, ಮೆಲ್ಲಗೆ, ನನ್ನನ್ನೇ ನೋಡುತ್ತ. "ಜೋಪಾನ."

ನಾನು ಉತ್ತರ ಕೊಡುವುದರೊಳಗೆ ಮಗಳು ಓಡಿದಳು. ಅವಳಿಗೆ ಅಜ್ಜಿಯೂ ಬೇಕಿರಲಿಲ್ಲ, ನಾನೂ ಬೇಕಿರಲಿಲ್ಲ. ಕಾಲು ಬಂದಿತ್ತು, ಬೀದಿ ಇತ್ತು. ಗಾಜಿನ ಚೂರು, ಕಲ್ಲು, ಚರಂಡಿ, ಎದುರಿಗೆ ಬರುತ್ತಿದ್ದ ಎತ್ತು, ಯಾವುದರ ಪರಿವೆಯೂ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ಹಿಂದೆ ಓಡಿದೆ. "ಜೋಪಾನ! ಜೋಪಾನಾ!" ಎಂದು ಬೀದಿಯುದ್ದಕ್ಕೂ ಕೂಗಿದೆ. ಅವಳು ಒಂದು ಸಲ ತಿರುಗಿ ನೋಡಿದಳು, ನಕ್ಕಳು, ಮತ್ತೆ ಓಡಿದಳು.